ಬೆಂಚಿನ ಮೇಲಿಂದ ಕಂಡ ಗಾಡಿ

ಮಾರ್ಚ್ 4, ಸೋಮವಾರ

ಗಾಡಿಯ ಟಾಪು ಮತ್ತೆ ಒಂದು ಬೆರಳಿನಷ್ಟು ಇಳಿಯಿತು. ಬೆಳಗ್ಗೆ ಮಣ್ಣು ಕಾಯಿಸಿ, ಗಾಡಿಯ ಮಣ್ಣಿನ ಮಾದರಿಯ ಮೇಲಿನ ಬಿಳಿ ಹೊದಿಕೆ ತೆಗೆದು, ಎಲ್ಲರೂ ಬೆಂಚಿನ ಮೇಲೆ ಸಾಲಾಗಿ ಕೂತಿದ್ದೇ ತಡ — ಗಾಡಿಗೆ ರೂಪ ಕೊಡುವ ನಮ್ಮ ಹಿರಿಯ ದೆಲ್ಫೀನೋ ಕಣ್ಣು ಕಿರಿದು ಮಾಡಿದ.

“ಟಾಪು ಭಾರ ಆಯ್ತು. ಒಂದು ಬೆರಳು ಕೆಳಗೆ.”

ಯಾರೂ ಇಲ್ಲವೆನ್ನಲಿಲ್ಲ. ನಾನೂ ಅನ್ನಲಿಲ್ಲ. ಕೂತು ನೋಡಿದರೆ ಹೌದು ಎನ್ನಿಸುತ್ತಿತ್ತು. ಟಾಪು ಇಳಿದರೆ ಸೀಟೂ ಇಳಿಯಬೇಕು, ಇಲ್ಲದಿದ್ದರೆ ತಲೆ ತಾಗುತ್ತದೆ. ಸೀಟು ನನ್ನ ಪಾಲಿನ ಕೆಲಸ. ಇಡೀ ಟೂರಿನ್ ಊರಿನವರ ಹಿಂಭಾಗಗಳ ಬಗ್ಗೆ ನನ್ನಷ್ಟು ಯೋಚಿಸಿದವರು ಯಾರೂ ಇರಲಾರರು.

“ಎರ್ಸೀ, ನಿನ್ನ ಸೀಟೂ ಒಂದು ಬೆರಳು ಇಳಿಸಮ್ಮಾ.”

“ಇನ್ನೂ ಇಳಿಸಿದ್ರೆ ನೆಲ ಅಗೀಬೇಕು ಕಣಪ್ಪಾ.”

ಎಲ್ಲರೂ ನಕ್ಕರು. ಆಮೇಲೆ ಇಳಿಸಿದೆ.

ಬರಾಲಿಸ್ ಕಂಪನಿಯಲ್ಲಿ ಬೆಂಚು ಹೇಳಿದ್ದೇ ಮಾತು. ಹಿರಿಯ ಯಜಮಾನ ಎವಾಸಿಯೋ ಬರಾಲಿಸರಿಗೆ ಕಾಲು ಸರಿಯಿರಲಿಲ್ಲವಂತೆ. ಮುಚ್ಚಿಹೋದ ಯಾವುದೋ ಶಿಶುವಿಹಾರದಿಂದ ಗಿಡ್ಡ ಬೆಂಚೊಂದನ್ನು ತಂದು, ಅದರ ಮೇಲೆ ಕೂತೇ ಒಂದೊಂದು ಗಾಡಿಯ ರೂಪ ನಿರ್ಧರಿಸುತ್ತಿದ್ದರಂತೆ. ಅವರು ಹೋದರು, ಬೆಂಚು ಉಳಿಯಿತು. ನಿಂತವರ ಅಭಿಪ್ರಾಯವನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂರಬೇಕು, ಆಮೇಲೆ ಮಾತು. ನೆಲಕ್ಕೆ ಅಂಟಿಕೊಂಡು ಹರಿಯುವ ಆ ಎರಡು ಬಾಗಿಲಿನ ಗಾಡಿಗಳು, ಇಟಲಿಯೆಲ್ಲ ತಿರುಗಿ ನೋಡಿದಂಥವು — ಎಲ್ಲ ಹುಟ್ಟಿದ್ದು ಈ ಬೆಂಚಿನ ಮೇಲೆಯೇ.

ಈಗ ತಗ್ಗಿನ ಗಾಡಿ ಯಾರಿಗೂ ಬೇಡ. ಎಸ್‌ಯುವಿ ಬೇಕು. ನಾವು ಮಾಡಿದ ಮೊದಲನೆಯದು ಮಕಾಡೆ ಮಲಗಿತು. ಇದು ಎರಡನೆಯದು. ಡೈರೆಕ್ಟರ್ ರವೇರಾ ಹೊರಡುವಾಗ ಮೆತ್ತಗೆ ಹೇಳಿದರು: “ಇದೂ ಓಡ್ಲಿಲ್ಲ ಅಂದ್ರೆ ಈ ಶೆಡ್ಡಿಗೆ ಬೀಗ. ನನ್ನ ಮಾತಲ್ಲ, ಮೇಲಿನವರದು.”

ಮಾರ್ಚ್ 5

ಕನಸು. ಹೊದಿಕೆ ತೆಗೆದರೆ ಒಳಗೆ ಗಾಡಿಯೇ ಇಲ್ಲ. ನಾಲ್ಕು ಚಕ್ರ ಮಾತ್ರ, ನೆಲದ ಮೇಲೆ ಮಲಗಿವೆ. ದೆಲ್ಫೀನೋ ಬೆಂಚಿನ ಮೇಲೆ ಕೂತು “ಈಗ ಸರಿ ಇದೆ” ಎನ್ನುತ್ತಿದ್ದಾನೆ. ಅವನ ಮುಖದಲ್ಲಿ ಎಂಥ ಖುಷಿ...

ಎದ್ದ ಮೇಲೂ ಆ ಖುಷಿ ಕಣ್ಣಲ್ಲೇ ಇತ್ತು. ಕಿಟಕಿಯಾಚೆ ನದಿಯ ಮಂಜು. ಟ್ರಾಮ್ ಕಾಣುವುದಿಲ್ಲ, ಗಂಟೆ ಮಾತ್ರ ಕೇಳುತ್ತದೆ. ಕಾಫಿ ಉಕ್ಕಿ ಒಲೆಯೆಲ್ಲ ಹಾಳಾಯಿತು.

ಮಾರ್ಚ್ 12, ಮಂಗಳವಾರ

ಹತ್ತು ಗಂಟೆಯ ಕಾಫಿ, ಮೂಲೆಯ ಕಾಫಿ ಬಾರಿನಲ್ಲಿ. ಎಂದಿನಂತೆ ನಿಂತೇ ಕುಡಿದೆವು. ದೆಲ್ಫೀನೋ ಮುಂದಿನ ವರ್ಷ ನಿವೃತ್ತ. ಹೆಂಡತಿ ತೀರಿಕೊಂಡ ಮೇಲೆ ಶರ್ಟು ಇಸ್ತ್ರಿ ಮಾಡುವುದನ್ನು ಬಿಟ್ಟಿದ್ದಾನೆ. ಗಡ್ಡ ಮಾತ್ರ ಇನ್ನೂ ಗೆರೆ ಹಾಕಿದಷ್ಟು ನೇರ.

“ನನ್ನ ಕೊನೇ ಗಾಡಿ ಇದು ಎರ್ಸೀ. ಹೋಗ್ತಾ ಹೋಗ್ತಾ ಕಪಾಟು ಮಾಡಿಟ್ಟು ಹೋದ ಅನ್ನಿಸ್ಕೊಳ್ಳೋಕೆ ಇಷ್ಟ ಇಲ್ಲ.”

“ಜನ ಕಪಾಟೇ ಕೇಳ್ತಿದ್ದಾರಲ್ಲ.”

“ಜನ ಕೇಳಿದ್ದೆಲ್ಲ ಕೊಡೋಕೆ ನಾವೇನು ಪಿಜ್ಜಾ ಅಂಗಡಿ ಇಟ್ಟಿದ್ದೀವಾ?”

“ಪಿಜ್ಜಾ ಅಂಗಡಿ ನಡೀತಿದೆ ಮಾರಾಯ. ನಮ್ಮದು?”

ಅವನು ನಗಲಿಲ್ಲ. ಚಮಚದ ತುದಿಯಿಂದ ಕಾಫಿಯ ನೊರೆಯ ಮೇಲೆ ಒಂದು ಗೆರೆ ಎಳೆದ. ತಗ್ಗಾದ, ಉದ್ದನೆಯ ಗೆರೆ. ಅದು ಅಳಿಸಿಹೋಗುವ ತನಕ ಇಬ್ಬರೂ ನೋಡುತ್ತಾ ನಿಂತೆವು.

ಅವನೆಂದರೆ ನನಗೆ ಪ್ರಾಣ. ಇಲ್ಲಿ ಬರೆದರೆ ಯಾರು ಓದಬೇಕು. ಈ ಗಾಡಿ ಮುಗ್ಗರಿಸಿದರೆ ಅವನು ಮನೆಗೆ ಹೋಗಿ ಗೋಡೆ ನೋಡುತ್ತಾ ಕೂರುತ್ತಾನೆ. ಶೆಡ್ಡು ಹೋದರೆ ನನಗೆ ಬೇರೆ ಕಡೆ ಸೀಟು ಸಿಕ್ಕೀತು. ಅವನಿಗೆ ಇನ್ನೊಂದು ಗಾಡಿ ಸಿಗುವುದಿಲ್ಲ.

ಏಪ್ರಿಲ್ 2, ಮಂಗಳವಾರ

ಹೊರಗಿನವರಿಗೆ ಮಾದರಿ ತೋರಿಸಿದ ದಿನ. ಇಂಥ ಗಾಡಿ ಕೊಳ್ಳುವಂಥವರನ್ನು ಹುಡುಕಿ ಕರೆಸಿದ್ದರು. ದೆಲ್ಫೀನೋ ಪರದೆಯ ಹಿಂದೆ, ನಾನೂ.

ದಪ್ಪ ಕೋಟಿನ ಹೆಂಗಸೊಬ್ಬಳು, ಮಾದರಿಯ ಪಕ್ಕ ಮರದ ಚೌಕಟ್ಟಿನಲ್ಲಿ ಇಟ್ಟಿದ್ದ ನನ್ನ ಪ್ರಯೋಗದ ಸೀಟಿಗೆ ಹತ್ತಿ ಕೂತಳು. ಎದ್ದಳು. ಮತ್ತೆ ಕೂತಳು.

“ಇದೇನ್ರೀ ಇದು? ಹತ್ತೋಕೆ ಎತ್ತರ, ಕೂತ್ರೆ ತಗ್ಗು. ನನಗೆ ಇಷ್ಟು ತಗ್ಗು ಬೇಕಾಗಿದ್ರೆ ನಿಮ್ಮ ಹಳೇ ಗಾಡಿನೇ ತಗೊಳ್ತಿದ್ನಲ್ಲ, ಅದಾದ್ರೂ ಚೆಂದ ಇತ್ತು.”

ಎಲ್ಲರೂ ಸುತ್ತಿ ಬಳಸಿ ಅದನ್ನೇ ಹೇಳಿದರು. ಚೆನ್ನಾಗಿದೆ... ಆದರೆ... ಏನೋ... ಆ ‘ಏನೋ’ ಏನೆಂದು ಯಾರಿಗೂ ಹೇಳಲು ಬರಲಿಲ್ಲ.

ದೆಲ್ಫೀನೋ ಪರದೆಯ ಹಿಂದೆ ಬೆವರಿದ. “ಅವಳಿಗೆ ಬೇಕಾಗಿರೋದು ಬಸ್ಸು. ಬೆಂಚಿನ ಮೇಲೆ ಕೂತು ನೋಡಿದ್ರೆ ಗೊತ್ತಾಗ್ತಿತ್ತು.” ಸಂಜೆ ಟಾಪಿನಿಂದ ಇನ್ನೊಂದು ಬೆರಳು ಕೆರೆದ. ಅಂದವಾದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಅವನದು.

ಏಪ್ರಿಲ್ 22, ಈಸ್ಟರಿನ ಮರುದಿನ

ಬಹಳ ದಿನ ಬರೆಯಲಿಲ್ಲ. ಇವತ್ತು ಬರೆಯದಿದ್ದರೆ ಮಲಗುವುದಕ್ಕಾಗುವುದಿಲ್ಲ.

ಅಕ್ಕನ ಮಗಳು ಮಾರ್ಜಿಯಾ ಬುತ್ತಿಯೂಟಕ್ಕೆ ಗುಡ್ಡದ ಕಡೆ ಕರೆದೊಯ್ದಳು. ಅವಳದೂ ಎಸ್‌ಯುವಿ, ಬೇರೆ ಕಂಪನಿಯದು. ಹೆಸರು ಬರೆದರೆ ಬೆಂಚು ಕೇಳಿಸಿಕೊಂಡೀತು. ಹತ್ತಿದೆ — ಹತ್ತಿದೆ ಎನ್ನುವುದೂ ತಪ್ಪು, ಹಿಂದಕ್ಕೆ ಸರಿದು ಕೂತೆ ಅಷ್ಟೇ. ದಾರಿಯುದ್ದಕ್ಕೂ ಬೇಲಿಯಾಚೆ ಕಾಣುತ್ತಿತ್ತು. ದ್ರಾಕ್ಷಿತೋಟದ ಸಾಲುಗಳು, ಸಾಲಿನ ನಡುವೆ ಮಣ್ಣು ಕೆದಕುವ ಕೋಳಿಗಳು, ಒಂದು ಮನೆಯಂಗಳದಲ್ಲಿ ಒಣಗಲು ಹಾಕಿದ ಮಗುವಿನ ಕಾಲುಚೀಲ. ಇದೇ ರಸ್ತೆಯಲ್ಲಿ ಬರಾಲಿಸ್ ಗಾಡಿಯಲ್ಲಿ ಎಷ್ಟು ಸಲ ಹೋಗಿಲ್ಲ! ಕಂಡದ್ದು ಬೇಲಿ ಮಾತ್ರ. ಇವತ್ತು ನಿದ್ದೆಯಲ್ಲಿ ತೇಲಿದ ಹಾಗಿತ್ತು. ಹೊಟ್ಟೆಕಿಚ್ಚಾಯಿತು, ಸುಖವೂ ಆಯಿತು.

“ನಮ್ಮದು ಯಾಕೆ ತಗೊಳ್ಲಿಲ್ಲ ಹೇಳೇ. ಬೇಜಾರು ಮಾಡ್ಕೊಳ್ಳಲ್ಲ.”

“ಮಾಡ್ಕೋತೀಯ ಚಿಕ್ಕಮ್ಮ.”

“ಮಾಡ್ಕೊಂಡ್ರೂ ಹೇಳು.”

“ನಿಮ್ಮ ಮೊದಲನೇದನ್ನ ಓಡಿಸಿ ನೋಡ್ದೆ. ‘ತಪ್ಪಾಯ್ತು, ಎತ್ತರ ಇದ್ದೀನಿ, ಕ್ಷಮಿಸಿ’ ಅಂತ ಆ ಗಾಡಿ ದಾರೀಲಿ ಹೋಗೋರಿಗೆಲ್ಲ ಹೇಳ್ತಿರೋ ಹಾಗಿತ್ತು. ನಾಚಿಕೊಳ್ಳೋ ಗಾಡಿಗೆ ಅಷ್ಟು ದುಡ್ಡು ಯಾರು ಕೊಡ್ತಾರೆ?”

ಬೇಜಾರಾಯಿತು. ಮುಖ ತೋರಿಸದೆ ಸಲಾಮಿ ಹೆಚ್ಚಿದೆ.

ಊಟಕ್ಕೆ ಹುಲ್ಲಿನ ಮೇಲೆ ಕಂಬಳಿ ಹಾಸಿ ಕೂತೆವು. ತಲೆಯೆತ್ತಿದರೆ ಎದುರಿಗೆ ಅವಳ ಗಾಡಿ. ಅಬ್ಬಾ, ಎಂಥ ವಿಕಾರ! ಬೆಟ್ಟದ ಹಾಗೆ ಮೈಮೇಲೆ ಬರುತ್ತಿತ್ತು. ಟಾಪು ಭಾರ, ಒಂದು ಬೆರಳು ಕೆಳಗೆ ಎಂದು ಬಾಯಿಗೇ ಬಂತು. ವೈನ್ ತರಲು ಎದ್ದು ನಿಂತೆ. ಅದೇ ಗಾಡಿ ಸರಿಯಾಯಿತು. ಚೆಂದವೇ ಆಯಿತು. ಕೂತೆ — ವಿಕಾರ. ನಿಂತೆ — ಚೆಂದ.

“ಏನ್ ಚಿಕ್ಕಮ್ಮಾ, ಕಸರತ್ತಾ?” ಎಂದಳು ಮಾರ್ಜಿಯಾ.

ಕಂಬಳಿಯ ಮೇಲಿಂದ ನಾನು ನೋಡುತ್ತಿದ್ದುದು ಬೆಂಚಿನ ಕಣ್ಣಿಂದ. ಗಾಡಿ ಕೊಳ್ಳುವವರು ಅದನ್ನು ನೋಡುವುದು ಎರಡು ಕಾಲ ಮೇಲೆ ನಿಂತು.

ಏಪ್ರಿಲ್ 23, ಮಧ್ಯಾಹ್ನ

ಎಲ್ಲರೂ ಊಟಕ್ಕೆ ಹೋದಾಗ ಶೆಡ್ಡಿನಲ್ಲಿ ಒಬ್ಬಳೇ ಉಳಿದೆ. ಬೆಂಚಿನ ಮೇಲೆ ಕೂತು ನೋಡಿದೆ. ಎಷ್ಟು ಚೆಂದದ ಗೆರೆ! ದೆಲ್ಫೀನೋನ ಕೈ ಕೈಯೇ. ಎದ್ದು ನೋಡಿದೆ. ಒದೆ ತಿಂದು ಮುದುರಿಕೊಂಡ ನಾಯಿಯ ಹಾಗೆ ಕಂಡಿತು. ಅಳು ಬಂತು.

ಯಾರ ಕಣ್ಣಿನದೂ ತಪ್ಪಲ್ಲ. ತಗ್ಗಿನ ಗಾಡಿಗೆ ಆ ಬೆಂಚು ಸರಿಯಾಗಿಯೇ ಇತ್ತು. ಎತ್ತರದ ಗಾಡಿಯನ್ನು ಅಲ್ಲಿಂದ ನೋಡಿದರೆ ಹೆದರಿಕೆಯಾಗುತ್ತದೆ, ಹೆದರಿದವರು ಕೆರೆಯುತ್ತಾರೆ. ಒಂದು ಬೆರಳು, ಇನ್ನೊಂದು ಬೆರಳು...

ಹೇಳಬೇಕು. ಯಾರು ಹೇಳುವುದು? ನಾನೇ. ಯಾರಿಗೆ? ಅವನಿಗೆ.

ಮೇ 9, ಗುರುವಾರ

ಹೇಳಲಿಲ್ಲ. ಇವತ್ತೂ ಇನ್ನೊಂದು ಬೆರಳು. ಮುಂದಿನ ವಾರ ಶುಕ್ರವಾರ ಮಾದರಿಯ ಕೊನೆಯ ನೋಟ, ಆಮೇಲೆ ಕಾರ್ಖಾನೆಯ ಅಚ್ಚಿಗೆ ಹೋಗುತ್ತದೆ ಎಂದರು ರವೇರಾ. ದೆಲ್ಫೀನೋ ಇವತ್ತು ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಅದಕ್ಕೇ ಬಾಯಿ ಬರಲಿಲ್ಲ.

ಮೇ 17, ಶುಕ್ರವಾರ. ಮನೆಗೆ ಬಂದು ನೇರ ಇಲ್ಲಿ ಕೂತಿದ್ದೇನೆ.

ಎಲ್ಲರೂ ಕೂತರು. ನಾನು ನಿಂತೇ ಇದ್ದೆ.

“ಕೂತ್ಕೋ ಎರ್ಸೀ.”

“ಕೂರಲ್ಲ.”

“ಮೊಣಕಾಲು ನೋವಾ?”

“ಇಲ್ಲ. ನಿಂತ್ರೆ ಬೇರೆ ಥರ ಕಾಣುತ್ತೆ ದೆಲ್ಫೀನೋ. ನೀನೂ ಒಂದ್ಸಲ ಎದ್ದು ನೋಡು.”

ಯಾರೋ ಕಿಸಕ್ಕೆಂದರು. ನಿಂತು ಮಾತಾಡುತ್ತಿದ್ದೇನಲ್ಲ.

“ಹಿರಿಯೋರು ಕೂತು ನೋಡಿ ಮಾಡಿದ್ದಕ್ಕೇ ಈ ಕಂಪನಿ ಆಗಿದ್ದು” ಎಂದ ದೆಲ್ಫೀನೋ, ಮೆಲ್ಲಗೆ.

“ಹಿರಿಯೋರಿಗೆ ನಿಲ್ಲೋಕಾಗ್ತಿರಲಿಲ್ಲ. ನಿನಗೆ ಆಗುತ್ತೆ.”

ಇಷ್ಟು ಕಟುವಾಗಿ ಬರುತ್ತದೆಂದು ನನಗೂ ಗೊತ್ತಿರಲಿಲ್ಲ. ಉಳಿದದ್ದನ್ನೂ ಹೇಳಿಬಿಟ್ಟೆ — ಕಂಬಳಿ, ಮಾರ್ಜಿಯಾಳ ಮಾತು, ದಪ್ಪ ಕೋಟಿನ ಹೆಂಗಸು, ಎಲ್ಲ. ಮೊದಲು ಎದ್ದವರು ರವೇರಾ. ನೋಡಿದರು, “ಅಯ್ಯೋ ದೇವರೇ” ಎಂದರು. ಒಬ್ಬೊಬ್ಬರಾಗಿ ಎದ್ದರು. ಕೊನೆಗೆ ಅವನು.

ಸುತ್ತಲೂ ನಡೆದ. ಟಾಪಿನ ಮೇಲೆ ಕೈಯಾಡಿಸಿದ. ಇಷ್ಟು ವರ್ಷಗಳಲ್ಲಿ ಅವನು ಒಂದು ಗಾಡಿಯ ಟಾಪನ್ನು ನಿಂತು ನೋಡಿ ತೀರ್ಮಾನಿಸಿದ್ದೇ ಇಲ್ಲವೇನೋ. ನನ್ನ ಕಡೆ ನೋಡಲಿಲ್ಲ. ಕೋಟು ತೆಗೆದುಕೊಂಡು ಹೊರಟುಹೋದ.

“ಜುಲೈ ತನಕ ಟೈಮು ಕೊಡಿಸ್ತೀನಿ. ಆದ್ರೆ ಎತ್ತರಿಸೋಕೆ ದೆಲ್ಫೀನೋ ಒಪ್ಬೇಕು. ಅವ್ರ ಕೈಯಿಲ್ದೆ ಇದು ಯಾರ ಗಾಡಿನೂ ಅಲ್ಲ” ಎಂದರು ರವೇರಾ.

ಮೇ 20, ಸೋಮವಾರ

ಬರಲಿಲ್ಲ. ಫೋನೂ ಇಲ್ಲ. ಹತ್ತು ಗಂಟೆಯ ಕಾಫಿ ಒಬ್ಬಳೇ ಕುಡಿದೆ. ಬಾರಿನವಳು ಎರಡು ಕಪ್ಪು ಇಟ್ಟಿದ್ದಳು. ಇನ್ನೊಂದನ್ನೂ ನಾನೇ ಕುಡಿದೆ. ಎದೆ ಡವಗುಟ್ಟುತ್ತಿದೆ, ಕಾಫಿಗೋ ಯಾತಕ್ಕೋ.

ಮೇ 21, ಮಂಗಳವಾರ. ಶೆಡ್ಡಿನಲ್ಲೇ ಬರೆಯುತ್ತಿದ್ದೇನೆ.

ಬಂದಿದ್ದಾನೆ! ನನಗಿಂತ ಮೊದಲೇ. ಗೇಟು ತೆಗೆದಿಟ್ಟು, ನನ್ನ ಪ್ರಯೋಗದ ಸೀಟನ್ನು ಬಾಗಿಲ ಬಳಿಗೆ ಎಳೆದುಕೊಂಡು ಕೂತಿದ್ದ. ಮುಖ ಬೀದಿಯ ಕಡೆ.

“ಏರಿಸು” ಎಂದ. ಸಿಟ್ಟೋ ಏನೋ ತಿಳಿಯಲಿಲ್ಲ.

ಸೀಟಿನ ಕೆಳಗೆ ಮರದ ತುಂಡು ಇಡುತ್ತಾ ಹೋದೆ. ಒಂದು ಬೆರಳು. ಇನ್ನೊಂದು. “ಇನ್ನೂ” ಎಂದ. ಹೊರಗೆ ಸಂತೆಯ ದಿನ. ತರಕಾರಿ ಚೀಲ ಹಿಡಿದವರು ಹೋಗುತ್ತಿದ್ದರು. ಒಬ್ಬ ಮುದುಕ ಅವನನ್ನು ನೋಡಿ ಟೋಪಿ ಎತ್ತಿದ. ದೆಲ್ಫೀನೋ ಕೈಯೆತ್ತಿದ.

“ಇಷ್ಟು ವರ್ಷ ಜನರ ಬೆಲ್ಟು ನೋಡ್ಕೊಂಡು ಗಾಡಿ ಓಡಿಸ್ದೆ” ಎಂದ. “ಇಲ್ಲಿಂದ ಮುಖ ಕಾಣುತ್ತೆ.”

ಇನ್ನೊಂದು ತುಂಡು ಇಟ್ಟೆ. ಮಾತಾಡಲು ಹೋಗಿದ್ದರೆ ಅತ್ತುಬಿಡುತ್ತಿದ್ದೆ.

ಆಮೇಲೆ ಮಾದರಿಯ ಬಳಿ ಹೋದ. ಬಿಸಿ ಮಣ್ಣು ತೆಗೆದು ಟಾಪಿಗೆ ಹಚ್ಚಿದ. ಹಚ್ಚಿದ್ದೇ ತಡ, ಕೈ ತಾನಾಗಿಯೇ ಮಣ್ಣು ಕೆರೆಯುವ ಹತ್ಯಾರ ಎತ್ತಿ ಅಷ್ಟನ್ನೂ ಕೆರೆದುಹಾಕಿತು. ನಿಂತು ನೋಡಿದ. ಮತ್ತೆ ಹಚ್ಚಿದ. ಮತ್ತೆ ಕೆರೆದ. ಹಣೆಯ ಮೇಲೆ ಬೆವರು.

“ನೋಡ್ದೆಯಾ? ತಲೆಗೆ ಅರ್ಥ ಆಯ್ತು, ಕೈ ಕೇಳ್ತಿಲ್ಲ. ಹೋಗಲಿ ಬಿಡು, ಬೇರೆ ಯಾರಾದ್ರೂ ಎಳೇ ಕೈಯೋರು ಮಾಡ್ಲಿ.”

“ಬೇರೆಯವರು ಮಾಡಿದ್ರೆ ಅದೂ ಮಾರ್ಜಿಯಾಳ ಗಾಡಿ ಥರಾನೇ ಆಗುತ್ತೆ. ಅಂಥದ್ದು ಬೀದಿ ತುಂಬ ಇದೆ.”

ಅವನು ಮಾದರಿಯ ಎದುರೇ ನಿಂತ. ನಾನು ಇಲ್ಲಿ ಬಂದು ಕೂತು ಬರೆಯಲು ಶುರು ಮಾಡಿದೆ, ಅವನ ಮುಖ ನೋಡಲಾರದೆ. ಮಣ್ಣು ಕಾಯಿಸುವ ಒವನ್ನಿನ ಬಾಗಿಲು ತೆಗೆದ ಸದ್ದು. ಈಗ ಬಂದು ಹತ್ಯಾರವನ್ನು ನನ್ನ ಮೇಜಿನ ಮೇಲೆ ಇಟ್ಟ. ಇನ್ನು ಹತ್ಯಾರವಿಲ್ಲ, ಎರಡೂ ಅಂಗೈಗೆ ಮೆತ್ತಿದ ಬಿಸಿ ಮಣ್ಣು ಮಾತ್ರ.

“ನಾನು ಹಚ್ತಾ ಹೋಗ್ತೀನಿ. ನೀನು ಎದುರಿಗೆ ನಿಂತು ಎಷ್ಟು ಅಂತ ಹೇಳು. ನೀನಿಲ್ದೆ ನಂಗೆ ಎತ್ತರ ಗೊತ್ತಾಗಲ್ಲ ಎರ್ಸೀ.”

ಬಂದೆ ಅಂದೆ. ಮಣ್ಣು ಆರುವ ಮುಂಚೆ ಹೋಗಬೇಕು —