ಮಳೆಗೆ ತೆರೆದಿದ್ದ ಗುಡಾಣಗಳು

ಕಂಪುಂಗ್ ಗೆತಾಂಗ್ ತೀರ, ಕೆಲಂತಾನ್
ಸೆಪ್ಟೆಂಬರ್ ೧೪, ಭಾನುವಾರ

ತಂಗಿ ರೊಹಾನಿಗೆ ಅಕ್ಕ ಕಲ್ಸೋಮಳ ಸಲಾಂ.

ಊರಿನವರೆಲ್ಲ ನಿನ್ನನ್ನು ವೈಬಿ ಎನ್ನುತ್ತಾರೆ. ರಾಜ್ಯದ ಶಾಸನಸಭೆಗೆ ಗೆದ್ದು ಹೋದವರನ್ನು ಹಾಗೇ ಕರೆಯಬೇಕಂತೆ. ನನ್ನ ನಾಲಿಗೆ ಅದಕ್ಕೆ ಹೊರಳುವುದಿಲ್ಲ. ನಿನ್ನ ತಲೆಯ ಹೇನು ಹೆಕ್ಕಿದವಳು ನಾನು, ಹೆಸರು ಹಿಡಿದೇ ಬರೆಯುತ್ತೇನೆ. ಬೇಸರವಾದರೆ ಆಗಲಿ.

ನಿನ್ನೆ ನೋಟಿಸು ಬಂತು. ಪ್ರವಾಸಿಗರು ಅಡ್ಡಾಡಲು ತೀರದಲ್ಲಿ ಕಾಲುದಾರಿ ಕಟ್ಟುತ್ತಾರಂತೆ. ಉಪ್ಪುಮೀನಿನ ರಸ ಬುಡುವಾಗಿ ಮಾಗುವ ನಮ್ಮ ಗುಡಾಣಗಳು ನಾರುತ್ತವಂತೆ, ಮೂವತ್ತು ದಿನದಲ್ಲಿ ಎತ್ತಬೇಕಂತೆ. ಕೆಳಗೆ ನಿನ್ನದೇ ಸಹಿ.

ನಾರುತ್ತವಂತೆ! ಅಮ್ಮನ ಎರಡು ಗುಡಾಣದ ಬುಡುವನ್ನು ಶೀಸೆಗೆ ತುಂಬಿ ಸೈಕಲ್ಲಿನಲ್ಲಿ ಮಾರಿದವಳು ಯಾರು? ಆಮೇಲೆ ವ್ಯಾನು ಬಂತು, ಅರವತ್ತು ಜನರ ಕಾರ್ಖಾನೆ ಬಂತು, ಶೀಸೆಯ ಮೇಲೆ ಅಮ್ಮನ ಚಿತ್ರ ಬಂತು. ನೀನು ಚುನಾವಣೆಗೆ ನಿಂತಾಗ ಈ ಅಂಗಳದ ಹೆಂಗಸರೇ ಮನೆಮನೆ ಸುತ್ತಿದರು. ಇದೇ ಗುಡಾಣಗಳ ನಡುವೆ ನಿಂತು ನೀನು, "ಈ ಅಂಗಳ ಮುಟ್ಟೋರು ಮೊದ್ಲು ನನ್ನನ್ನ ದಾಟ್ಕೊಂಡು ಬರ್ಲಿ" ಅಂದಿದ್ದೆ. ನಾನು ಅತ್ತಿದ್ದೆ ಕಣೇ.

ಏಪ್ರಿಲ್‌ನಲ್ಲಿ ಮೀನಿಗೆ ಉಪ್ಪು ಬೆರೆಸಿ ತುಂಬಿದ್ದೇವೆ. ವರ್ಷ ತುಂಬುವ ಮೊದಲು ಕದಲಿಸಿದರೆ ಏನಾಗುತ್ತದೆಂದು ನಿನಗೆ ನಾನು ಹೇಳಿಕೊಡಬೇಕೇ? ನಿನ್ನ ಕಾರ್ಖಾನೆಗೆ ಉಕ್ಕಿನ ತೊಟ್ಟಿಗಳಿವೆ. ನಾವು ಎದ್ದುಹೋದರೆ ಅಂಗಡಿಗಳಲ್ಲಿ ನಿನ್ನ ಶೀಸೆಯೊಂದೇ ಉಳಿಯುತ್ತದೆ. ಪಕ್ಕದ ಮನೆಯ ಮೆರಿಯಾಂ ಮುಖಕ್ಕೇ ಹೇಳಿದಳು: "ನಿಮ್ ತಂಗಿ ಜಾಣೆ ಬಿಡಕ್ಕಾ. ನಾತ ನಮ್ಗೆ, ಲಾಭ ಅವ್ಳಿಗೆ." ಅವಳ ಜೊತೆ ಜಗಳಕ್ಕೆ ಹೋದೆ. ಅರ್ಧಕ್ಕೇ ಬಿಟ್ಟು ಒಳಗೆ ಬಂದು ಈ ಕಾಗದ ಹಿಡಿದೆ.

ಅದನ್ನೂ ನುಂಗಿಕೊಂಡೇನು. ಮೊನ್ನೆ ಗುರುವಾರದ್ದನ್ನು ಹೇಗೆ ನುಂಗಲಿ? ಬೆಳಿಗ್ಗೆ ಬಿಸಿಲಿಗೆ ಮುಚ್ಚಳ ತೆಗೆಯುತ್ತೇವೆ. ಮಳೆಯನ್ನು ಮೊದಲು ಕಂಡವರು ಎಲ್ಲರ ಗುಡಾಣವನ್ನೂ ಮುಚ್ಚಬೇಕು, ಮಾತು ಬಿಟ್ಟವರದ್ದಾದರೂ ಸರಿ. ಅಮ್ಮ ಹೆರಿಗೆಯ ನೋವಿನಲ್ಲೇ ಓಡಿ ಮುಚ್ಚಿದ್ದಳು, ಆ ಸಂಜೆ ಹುಟ್ಟಿದವಳು ನೀನು. ಗುರುವಾರ ಹೆಂಗಸರೆಲ್ಲ ಸಭಾಭವನದಲ್ಲಿ ನಿನ್ನ ಸ್ವಾಗತದ ಊಟಕ್ಕೇ ಈರುಳ್ಳಿ ಸುಲಿಯುತ್ತಿದ್ದರು. ನಾನು ಮಂಡಿನೋವೆಂದು ಆಸ್ಪತ್ರೆಗೆ ಹೋಗಿದ್ದೆ. ನೀನು ಅಧಿಕಾರಿಗಳೊಂದಿಗೆ ಅಂಗಳ ನೋಡಲು ಬಂದೆ. ಮಳೆ ಹನಿಯಿತು. ನಿನ್ನ ಕೈ ಒಂದು ಮುಚ್ಚಳದವರೆಗೆ ಹೋಯಿತು. ಆಮೇಲೆ ಬಿಳಿ ಚಪ್ಪಲಿ ನೋಡಿಕೊಂಡೆ, ಯಾರೋ ಛತ್ರಿ ಹಿಡಿದರು, ಕಾರು ಹತ್ತಿದೆ.

ಮಳೆನೀರು ಬಿದ್ದು ಹತ್ತೊಂಬತ್ತು ಗುಡಾಣ ಕೆಟ್ಟವು. ನನ್ನವು ನಾಲ್ಕೇ. ಮಿಕ್ಕವು ಆ ಈರುಳ್ಳಿ ಸುಲಿದವರವು. ಊಟದ ಹೊತ್ತಿಗೆ ಅವರ ಕೈಯಿಂದಲೇ ಬಡಿಸಿಕೊಂಡು ಉಂಡೆಯಲ್ಲ, ಗಂಟಲಲ್ಲಿ ಇಳಿಯಿತೇ?

ಒಳ ಅಂಗಳದಲ್ಲಿ ಇನ್ನೂ ಇಪ್ಪತ್ತೆಂಟು ಉಳಿದಿವೆ. ಬುಧವಾರ ನಿಮ್ಮ ಸಭೆಯಿದೆಯಂತೆ. ಎದ್ದು ನಿಂತು ಆ ನೋಟಿಸನ್ನು ವಾಪಸು ತೆಗೆದುಕೋ. ಇಲ್ಲದಿದ್ದರೆ ಶೀಸೆಯಿಂದ ಅಮ್ಮನ ಮುಖ ಕಿತ್ತುಹಾಕು.

ನಿನ್ನ ಮೇಲೆ ಕೆಂಡದಂಥ ಸಿಟ್ಟಿರುವ
ಅಕ್ಕ ಕಲ್ಸೋಮ್

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಚಪ್ಪಲಿಯ ಬಣ್ಣ ನನಗೆ ಹೇಗೆ ತಿಳಿಯಿತೆಂದು ನೀನು ಕೇಳಿಯೇ ಕೇಳುತ್ತೀಯ. ಗುರುವಾರ ನಾನು ಆಸ್ಪತ್ರೆಗೆ ಹೋಗಿರಲಿಲ್ಲ. ಕಿಟಕಿಯ ಹಿಂದೆ ನಿಂತಿದ್ದೆ. ಮಳೆಯನ್ನು ನಿನಗಿಂತ ಮೊದಲು ಕಂಡವಳು ನಾನು. ನೀನು ಮುಚ್ಚುತ್ತೀಯೋ ಇಲ್ಲವೋ ನೋಡೋಣವೆಂದು ಅಲ್ಲೇ ನಿಂತೆ, ನೀನು ಹೋದ ಮೇಲೂ ಹೊರಗೆ ಬಂದು ಮುಚ್ಚಲಿಲ್ಲ. ಮೆರಿಯಾಂಗೆ ಇನ್ನೂ ಹೇಳಿಲ್ಲ. ಶುಕ್ರವಾರ ಎಲ್ಲರೂ ಅಂಗಳದಲ್ಲಿ ಸೇರುತ್ತಾರೆ. ನೀನೂ ಬಾ. ಕ್ಷಮೆ ಕೇಳಬೇಕಾದವರು ನಾವಿಬ್ಬರು.