ಬೀರ್ ಕಾರ್ಖಾನಿಯೊಳಗ ತಮ್ಮನ ನೌಕರಿ

ಬೆಂಗಳೂರು, ೧೩-೨-೮೨

ಅವ್ವಾ, ಬಿದ್ದು ಎದ್ದು ಬಂದು ಮುಟ್ಟೀನಿ, ಅಂಜಬ್ಯಾಡ. ತಮ್ಮನ್ನ ಬೀರ್ ಕಾರ್ಖಾನಿ ಬಿಡಿಸಿ ಕರಕೊಂಡು ಬಾ ಅಂತ ಕಳಿಸಿದ್ದಿಯಲ್ಲ, ಇವತ್ತು ಓಬಳೇಶನೇ ತನ್ನ ಸಾಹೇಬರನ್ನ ಕೇಳಿ ನನ್ನನ್ನ ಒಳಗೇ ಕರಕೊಂಡು ಹೋಗಿದ್ದ. ಅಲ್ಲಿ ರುಚಿ ನೋಡೂ ಕೋಣಿ ಅಂತ ಐತಿ. ಐದು ಮಂದಿ ಬಿಳಿ ಕೋಟು ಹಾಕ್ಕೊಂಡು ಒಂದೊಂದು ಗುಟುಕು ಬೀರ್ ಬಾಯಾಗ ಮುಕ್ಕಳಿಸಿ, ಬೇಸಿನ್ನಿಗೆ ಉಗುಳಿ, ಏನೋ ಬರಕೊಳ್ತಾರ. ನಮ್ಮವನೂ ಅದರಾಗ ಒಬ್ಬ. ಅವನ ಗಂಟಲನ್ನೇ ನೋಡ್ಕೊಂತ ನಿಂತಿದ್ದೆ, ಒಂದು ಹನಿ ಇಳೀಲಿಲ್ಲ. ನಾಲಿಗಿ ಕೆಡ್ತೈತಂತ ಬೀಡಿನೂ ಬಿಟ್ಟಾನ! ನೀನು ಕೊಟ್ಟ ಬೆಳ್ಳುಳ್ಳಿ ಖಾರ ಮೂಸಿ, "ಅಕ್ಕಾ, ರಜಾ ದಿನ ಅಷ್ಟೇ ತಿಂತೀನಿ, ಅವ್ವಗ ಹೇಳಬ್ಯಾಡ" ಅಂದ. ಹೇಳಿಬಿಟ್ಟೆ ನೋಡು. ಸ್ವಲ್ಪ ಬಡಕ ಆಗ್ಯಾನ, ಅದೊಂದೇ ಚಿಂತಿ. ಬಸ್ಸಿನಾಗ ಕುಂತು ನನ್ನ ಕಾಲು ಬಾತಾವ. ನೀನು ಅತ್ತಿದ್ದು ಸಾಕು, ಇನ್ನ ಹೊಟ್ಟಿ ತುಂಬ ಉಣ್ಣು. ನಾನೊಬ್ಬಾಕಿನೇ ಬರ್ತೀನಿ.

ಪೋಸ್ಟಿನ ಬೆನಕಪ್ಪಣ್ಣಾರ, ಇದನ್ನ ಅವ್ವಗ ಓದಿ ಹೇಳೂದು ನೀವೇ ಅಂತ ಗೊತ್ತೈತಿ. ಓಬಳೇಶ ಕುಡುಕ ಆಗ್ಯಾನಂತ ಮನಿಮನಿಗೂ ಹೇಳಿದವರು ನೀವೇ ಅಲ್ರೀ? ಈಗ ಅದೇ ಮನಿಗಳಿಗೆ ಹೋಗಿ ಹೇಳ್ರೆಪ್ಪಾ, ನಮ್ಮ ಹುಡುಗ ನುಂಗೂದಿಲ್ಲ, ಉಗುಳ್ತಾನ.

ಜಾಗ ಮುಗೀತು.
ಪಕ್ಕೀರಮ್ಮ