ಸ್ಪ್ಯಾನರು ಕೇಳಿದ ಭಾವನಿಗೆ

ನವೆಂಬರ್ ೧೨, ಗುರುವಾರ

ಪ್ರೀತಿಯ ಭಾವನಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಮನ್ನಿಸಬೇಕು. ಮಂಡಿನೋವಿನ ನೆಪ ಹೇಳಬಹುದಿತ್ತು, ಆದರೆ ಯಾರೂ ಮಂಡಿಯಿಂದ ಕಾಗದ ಬರೆಯುವುದಿಲ್ಲವಲ್ಲ. ನಿಮ್ಮ ನಾದಿನಿ ದಿನಾ "ಭಾವಂಗೆ ಬರೆದ್ರಾ?" ಎಂದು ಕೇಳಿ ಕೇಳಿ ಸಾಕಾಗಿ, ಇವತ್ತು ಪೆನ್ನು, ಹಾಳೆ, ಕವರು ಮೂರನ್ನೂ ನನ್ನ ತಿಂಡಿ ತಟ್ಟೆಯ ಪಕ್ಕದಲ್ಲಿ ಇಟ್ಟು ಹೋಗಿದ್ದಾಳೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಕ್ಕನ ಕೆಮ್ಮು ಕಡಿಮೆಯಾಯಿತೇ?

ನೀವು ನಾಲ್ಕು ಪುಟ ಬರೆದಿದ್ದೀರಿ. ಎಲ್ಲವನ್ನೂ ಓದಿದೆ. ಆದರೆ ಕೊನೆಯಲ್ಲಿ, ಹೋಗುವಾಗ ಬಾಗಿಲಲ್ಲಿ ನಿಂತು ಹೇಳುವ ಹಾಗೆ, "ಆ ಉದ್ದ ಹಿಡಿಯ ಸ್ಪ್ಯಾನರು ನಿನಗಿನ್ನು ಬೇಕಾಗಲಾರದು, ಡಾಕ್ಟರಿಗೆ ಕೊಟ್ಟರೆ ಅವರಿಗೆ ಅನುಕೂಲ" ಎಂದು ಒಂದು ಸಾಲು ಸೇರಿಸಿದ್ದೀರಿ. ನನ್ನ ಕೈ ಕಟ್ಟಿಹಾಕಿದ್ದು ಆ ಸಾಲು.

ಭಾವ, ಆ ಕ್ಯಾಂಪರ್ ವ್ಯಾನನ್ನು ನಾವಿಬ್ಬರೂ ಸೇರಿ ಕೊಂಡು ಇಪ್ಪತ್ತೆರಡು ವರ್ಷವಾಯಿತು. ಎರಡು ಮಂಚ, ಒಂದು ಒಲೆ, ಮಂಚದಡಿ ಕೊಡದಷ್ಟು ದೊಡ್ಡ ಗೀಸರ್. ಒಳಗೆ ನೀರು ಉಳಿದರೆ ನಮ್ಮ ಈ ಬೆಟ್ಟದ ಸೀಮೆಯ ಚಳಿಗೆ ಹೆಪ್ಪುಗಟ್ಟಿ ಟ್ಯಾಂಕು ಸೀಳುತ್ತದೆ ಎಂದು ಪ್ರತಿ ವರ್ಷ ಚಳಿಗೆ ಮೊದಲು ಅದನ್ನು ಖಾಲಿ ಮಾಡಿದವರು ನಾವು. ನೀವು ಲೆಕ್ಕದ ಮೇಷ್ಟ್ರು, ಬಕೆಟ್ ಹಿಡಿದು ಬೈಯುತ್ತಿದ್ದಿರಿ. ನಾನು ನೀರು ಸರಬರಾಜಿನ ಫಿಟ್ಟರು, ಬೈಸಿಕೊಂಡು ಆ ಸ್ಪ್ಯಾನರಿನಿಂದ ಟ್ಯಾಂಕಿನ ತಳದ ಬಿರಡೆ ತಿರುಗಿಸುತ್ತಿದ್ದೆ. "ಏ ಬೋಲ್ಟು, ಎಡಕ್ಕೋ ಕತ್ತೆ, ಎಡ ಯಾವುದು ಅಂತಾನೂ ಗೊತ್ತಿಲ್ವಾ?" ಎಂದು ನೀವು ಕೂಗಿದರೆ ಬೀದಿಯ ಕೊನೆಯವರೆಗೆ ಕೇಳುತ್ತಿತ್ತು. ನನ್ನನ್ನು ಬೋಲ್ಟು ಎಂದು ಕರೆಯುವವರು ಈ ಭೂಮಿಯ ಮೇಲೆ ನೀವೊಬ್ಬರೇ.

ಈಗ ಮೂರನೆಯ ಷಡ್ಡಕ ಬಂದಿದ್ದಾರೆ. ಕಿರಿಯವಳು ತಡವಾಗಿಯಾದರೂ ಮದುವೆಯಾದಳು, ಸಂತೋಷ. ಹಲ್ಲಿನ ಡಾಕ್ಟರು, ಒಳ್ಳೆಯ ಮನುಷ್ಯ. ನನಗೆ ಅವರನ್ನು ಕಂಡರಾಗದು. ಬರೆದೇಬಿಟ್ಟೆ ನೋಡಿ.

ಹೋದ ತಿಂಗಳು ನೀವು ಕರೆದಾಗ ನಾನು ಸ್ಪ್ಯಾನರಿಗೆ ಎಣ್ಣೆ ಹಚ್ಚಿ, ಹಳೆಯ ಬನಿಯನ್ನಿನಲ್ಲಿ ಸುತ್ತಿಕೊಂಡು ಬಂದೆ. ಬಂದರೆ ಅಂಗಳದಲ್ಲಿ ನನಗೊಂದು ಕುರ್ಚಿ. "ನೀನು ಆರಾಮಾಗಿ ಕೂತ್ಕೊ, ನಿಮ್ಮಕ್ಕ ಕಾಫಿ ತರ್ತಾಳೆ" ಎಂದಿರಿ. ಡಾಕ್ಟರು ಗ್ಯಾರೇಜಿನಿಂದ ಎರವಲು ತಂದ ಯಾವುದೋ ಮೋಟು ಸ್ಪ್ಯಾನರು ಹಿಡಿದು ಆಗಲೇ ನೆಲಕ್ಕೆ ಮಂಡಿಯೂರಿದ್ದರು. ಬನಿಯನ್ ಬಿಚ್ಚಲೂ ಮನಸ್ಸಾಗಲಿಲ್ಲ, ತೊಡೆಯ ಮೇಲಿಟ್ಟುಕೊಂಡು ಕೂತೆ.

ಅವರ ತಪ್ಪು ಹಿಡಿಯಲು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಗ್ಯಾಸು, ಕರೆಂಟು ಎರಡನ್ನೂ ಬೆಳಿಗ್ಗೆಯೇ ಬಂದ್ ಮಾಡಿದ್ದರು. ಟ್ಯಾಂಕು ತಣ್ಣಗಾಗಿದೆಯೇ ಎಂದು ಮೂರು ಸಲ ಮುಟ್ಟಿ ನೋಡಿದರು. ಒತ್ತಡ ಇಳಿಯಲಿ ಎಂದು ಒಳಗಿನ ಬಿಸಿನೀರಿನ ನಲ್ಲಿಯನ್ನು ಮೊದಲು ತೆರೆದಿಟ್ಟರು. ಆಮೇಲೆ ಬಿರಡೆ ಬಿಚ್ಚಿ, ಅದಕ್ಕೆ ಅಂಟಿದ ರಾಡನ್ನು ಹೊರಗೆಳೆದರು. ನೀರು ಟ್ಯಾಂಕನ್ನು ತಿನ್ನದೆ ತನ್ನನ್ನೇ ತಿನ್ನಲಿ ಎಂದು ಇರುವ ಆ ರಾಡು ಸವೆದು ಕಡ್ಡಿಯಾಗಿತ್ತು, ಹೊಸದನ್ನು ಜೇಬಲ್ಲೇ ತಂದಿದ್ದರು. ಕೊನೆಗೆ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ತೂತಿನೊಳಗೆ ತೂರಿಸಿ, "ಇಲ್ಲಿ ಕಿಟ್ಟ ಕಟ್ಟಿದೆ ಭಾವ, ಇನ್ನೊಂದ್ಸಲ ತೊಳೀಬೇಕು" ಎಂದರು. ಇಪ್ಪತ್ತೆರಡು ವರ್ಷದಲ್ಲಿ ನಾನು ಆ ಟ್ಯಾಂಕಿನ ಒಳಗನ್ನು ಕಂಡವನೇ ಅಲ್ಲ.

ಅಷ್ಟೂ ಸಹಿಸಿಕೊಂಡಿದ್ದೆ. ಅಷ್ಟರಲ್ಲಿ ಅವರ ಕೈಯಿಂದ ಬಿರಡೆ ಜಾರಿ ಕೊಚ್ಚೆಗೆ ಬಿತ್ತು. ನೀವು ಗುಡುಗಿದಿರಿ. "ಏ ಕತ್ತೆ, ನಿಂಗೆ ಡಿಗ್ರಿ ಕೊಟ್ಟೋರ್ಯಾರೋ? ರೋಗಿಗಳ ಹಲ್ಲೂ ಹಿಂಗೇ ಬೀಳಿಸ್ತೀಯಾ?" ಡಾಕ್ಟರು ನಕ್ಕರು, ಅಕ್ಕ ನಕ್ಕರು, ನನ್ನವಳೂ ನಕ್ಕಳು. ಕತ್ತೆ ನಾನು, ಭಾವ. ಅದು ನನ್ನ ಜಾಗ.

ಹೋದ ವರ್ಷ ಆದದ್ದನ್ನು ನಾನು ಮರೆತಿಲ್ಲ. ಬೆಳಿಗ್ಗೆ ಸ್ನಾನಕ್ಕೆ ಗೀಸರ್ ಹಾಕಿದ್ದೆವು, ಕಾಯಲಿಲ್ಲ, ನಲ್ಲಿ ತೆರೆಯಲಿಲ್ಲ, ಸೀದಾ ಬಿರಡೆ ತಿರುಗಿಸಿಬಿಟ್ಟೆ. ಮೂವತ್ತೈದು ವರ್ಷ ಅದೇ ಕಸುಬು ಮಾಡಿದವನು. ಕುದಿನೀರು ಚಿಮ್ಮಿ ನಿಮ್ಮ ಮೊಣಕೈವರೆಗೆ ಬೊಬ್ಬೆ ಎದ್ದಿತು. ನೀವು ಹಲ್ಲುಕಚ್ಚಿ, "ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದಿರಿ. ಒಂದು ಬೈಗುಳ ಇಲ್ಲ. ಆಮೇಲೆ ಈ ಒಂದು ವರ್ಷದಲ್ಲಿ ಒಂದೂ ಇಲ್ಲ.

ನನ್ನ ಸಣ್ಣತನವನ್ನೂ ಹೇಳಿಕೊಳ್ಳುತ್ತೇನೆ. ಡಾಕ್ಟರು ಟ್ಯಾಂಕು ಖಾಲಿ ಮಾಡಿದ ಮರುದಿನ ಟೋಪಿ ಮರೆತೆ ಎಂದು ನಿಮ್ಮಲ್ಲಿಗೆ ಬಂದಿದ್ದೆನಲ್ಲ, ಟೋಪಿ ನನ್ನ ಜೇಬಿನಲ್ಲೇ ಇತ್ತು. ವ್ಯಾನಿನೊಳಗೆ ಹೋಗಿ, ಡಾಕ್ಟರು ಕೊಳವೆಯಲ್ಲಿ ನೀರು ಉಳಿಸಿರಬಹುದೆಂದು ನಲ್ಲಿ ತಿರುಗಿಸಿ ಕೆಳಗೆ ಅಂಗೈ ಹಿಡಿದು ನಿಂತೆ. ಒಂದು ಹನಿ ಬಿದ್ದಿದ್ದರೂ ಊರಿಗೆಲ್ಲ ಸಾರುತ್ತಿದ್ದೆ. ಅಂಗೈ ಒದ್ದೆಯಾಗಲಿಲ್ಲ. ಅಷ್ಟು ಒಳ್ಳೆಯ ಕೆಲಸ ಕಂಡು ಅಷ್ಟು ಬೇಜಾರು ನನಗೆಂದೂ ಆಗಿರಲಿಲ್ಲ.

ಹಾಗಾಗಿ ಸ್ಪ್ಯಾನರು ಕಳಿಸುತ್ತಿಲ್ಲ. ಡಾಕ್ಟರಿಗೆ ಹೊಸದು ಕೊಳ್ಳುವ ಶಕ್ತಿ ಇದೆ. ಚಳಿ ಮುಗಿದು ಗೀಸರ್ ಹಚ್ಚುವಾಗ ಟ್ಯಾಂಕು ತುಂಬಿ, ನಲ್ಲಿಯಲ್ಲಿ ನೀರು ಬಂದ ಮೇಲೇ ಕರೆಂಟು ಕೊಡಲು ಹೇಳಿ, ಇಲ್ಲವಾದರೆ ಕಾಯಿಲ್ ಸುಟ್ಟುಹೋಗುತ್ತದೆ. ಅವರಿಗೆ ಅದೂ ಗೊತ್ತಿರುತ್ತದೆ, ಬಿಡಿ.

ಅಕ್ಕನಿಗೆ ನಮಸ್ಕಾರ. ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸಿ, ಚೆನ್ನಾಗಿ ಓದಲಿ, ಹಲ್ಲು ಗಟ್ಟಿಯಾಗಿರಲಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ ಎರಡನೆಯ ಷಡ್ಡಕ

ತಾ.ಕ.: ಕವರು ಅಂಟಿಸುವ ಮೊದಲು ಇದನ್ನೂ ಹೇಳಿಬಿಡುತ್ತೇನೆ. ಡಾಕ್ಟರು ಟ್ಯಾಂಕು ಬಿಚ್ಚಿದ ದಿನ ನಾನು ಕೈ ತೊಳೆಯಲು ಒಳಗೆ ಹೋದಾಗ ಬಚ್ಚಲಿನ ಕಿಟಕಿ ತೆರೆದಿತ್ತು. ಡಾಕ್ಟರು ನಿಮ್ಮ ಕೈಯ ಕಲೆ ನೋಡಿ, ಹೇಗಾಯಿತು ಎಂದು ಕೇಳಿದರು. ನೀವು ದನಿ ತಗ್ಗಿಸಿ, "ಪಾಪ ಕಣಯ್ಯ, ಅವನಿಗೆ ವಯಸ್ಸಾಯ್ತು. ಅವನ ಮುಂದೆ ಎತ್ತಬೇಡ" ಎಂದಿರಿ. ನೀವು ನನಗಿಂತ ಆರು ವರ್ಷ ದೊಡ್ಡವರು. ಕತ್ತೆ, ಕೋಣ, ಬೋಲ್ಟು, ನೀವು ಅಂದದ್ದೆಲ್ಲ ನನಗೆ ಜೀರ್ಣವಾಗಿದೆ. ಈ 'ಪಾಪ' ಮಾತ್ರ ಗಂಟಲು ಇಳಿಯುತ್ತಿಲ್ಲ. ನಿಮ್ಮ ಕೈ ಸುಟ್ಟವನು ನಾನು. ಒಂದು ಸಲ ಮನೆಗೆ ಬಂದು, ಬೀದಿಯ ಕೊನೆಯವರೆಗೆ ಕೇಳುವ ಹಾಗೆ ಬೈದುಬಿಡಿ. ಆಮೇಲೆ ಸ್ಪ್ಯಾನರನ್ನು ನಾನೇ ಡಾಕ್ಟರ ಕೈಗೆ ಕೊಡುತ್ತೇನೆ.